ಭಿನ್ನರಾಶಿ ಲೆಕ್ಕ: ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು

ಮಕ್ಕಳಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡುವ ಅಪ್ಪ ಅಮ್ಮಂದಿರು, ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವವರು, ಜಮೀನಿನ ಪಾಲು ಲೆಕ್ಕ ಹಾಕಲು ಕೂತವರು. ಇವರೆಲ್ಲ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಕೂಡುವಾಗ ಕೆಳಗಿನ ಸಂಖ್ಯೆ ಒಂದೇ ಮಾಡಿಕೊಳ್ಳಬೇಕು, ಗುಣಿಸುವಾಗ ಬೇಡ, ಭಾಗಿಸುವಾಗ ತಿರುಗಿಸಬೇಕು. ಯಾವಾಗ ಯಾವುದು ಅಂತ ನೆನಪಿಟ್ಟುಕೊಳ್ಳುವುದು ಹೇಗೆ?"

ನಾಲ್ಕು ನಿಯಮಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದರೆ ಅವು ಖಂಡಿತ ಕಲಸಿಹೋಗುತ್ತವೆ. ಹಾಗೆ ಮಾಡಬೇಡಿ. ಒಂದೇ ಒಂದು ಮಾತು ಹಿಡಿದುಕೊಳ್ಳಿ: ಕೆಳಗಿನ ಸಂಖ್ಯೆ ತುಂಡಿನ ಅಳತೆ ಹೇಳುತ್ತದೆ, ಮೇಲಿನ ಸಂಖ್ಯೆ ಅಂಥ ತುಂಡು ಎಷ್ಟಿವೆ ಅಂತ ಹೇಳುತ್ತದೆ. ಈ ಲೇಖನದ ಪ್ರತಿ ಹಂತವೂ ಈ ಮಾತಿನಿಂದಲೇ ಹುಟ್ಟುತ್ತದೆ.

ಏನೇನು ಬೇಕು

2ರಿಂದ 12ರವರೆಗಿನ ಮಗ್ಗಿ ಬರಬೇಕು. ಚೌಕುಳಿ ಹಾಳೆಯ ನೋಟ್‌ಬುಕ್ ಇದ್ದರೆ ಒಳ್ಳೆಯದು, ಚಿತ್ರ ಬರೆದು ನೋಡಲು ಸುಲಭ. ಕ್ಯಾಲ್ಕುಲೇಟರ್ ಸದ್ಯಕ್ಕೆ ಪಕ್ಕಕ್ಕಿಡಿ. ಅದು 2/3ನ್ನು 0.6666 ಅಂತ ತೋರಿಸುತ್ತದೆ, ಅದು ಪೂರ್ತಿ ಸರಿಯಾದ ಉತ್ತರ ಅಲ್ಲ. 2/3 ಅಂತಲೇ ಉಳಿಸಿಕೊಂಡರೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ.

ಇಲ್ಲಿ 3/4 ಅಂತ ಬರೆದರೆ 3 ಗೀಟಿನ ಮೇಲೆ, 4 ಗೀಟಿನ ಕೆಳಗೆ ಇದೆ ಅಂತ ಓದಿಕೊಳ್ಳಿ. 2 1/3 ಅಂತ ಇದ್ದರೆ ಎರಡು ಪೂರ್ತಿ, ಜೊತೆಗೆ ಮೂರನೇ ಒಂದು ಭಾಗ. ನೀವು ನೋಟ್‌ಬುಕ್ಕಿನಲ್ಲಿ ಬರೆಯುವಾಗ ಓರೆ ಗೀಟು ಬೇಡ, ಅಡ್ಡಗೀಟು ಎಳೆದು ಮೇಲೆ ಕೆಳಗೆ ಬರೆಯಿರಿ. ಅರ್ಧಕ್ಕರ್ಧ ತಪ್ಪು ಅಲ್ಲೇ ನಿಂತುಹೋಗುತ್ತದೆ.

ಹಂತ 1: ಸರಿಯಾಗಿ ಓದುವುದು

3/4ರಲ್ಲಿ ಕೆಳಗಿನ 4ಕ್ಕೆ ಛೇದ ಅನ್ನುತ್ತಾರೆ. ಪೂರ್ತಿ ವಸ್ತುವನ್ನು ಎಷ್ಟು ಸಮ ತುಂಡು ಮಾಡಿದ್ದೇವೆ ಅನ್ನುವುದು ಅದು. ಮೇಲಿನ 3 ಅಂಶ. ಅದರಲ್ಲಿ ನಾವು ತೆಗೆದುಕೊಂಡ ತುಂಡುಗಳು.

"ಸಮ ತುಂಡು" ಅನ್ನುವುದನ್ನು ಮಕ್ಕಳಿಗೆ ಒತ್ತಿ ಹೇಳಿ. ನಾಲ್ಕು ತುಂಡಾಗಿ ಕತ್ತರಿಸಿ ಒಂದು ದೊಡ್ಡದು ಮೂರು ಸಣ್ಣದು ಆದರೆ, ಅದರಲ್ಲಿ ಯಾವುದೂ ಕಾಲು ಭಾಗ ಅಲ್ಲ.

ಛೇದ ದೊಡ್ಡದಾದಷ್ಟೂ ತುಂಡು ಚಿಕ್ಕದಾಗುತ್ತದೆ. 8 ದೊಡ್ಡ ಸಂಖ್ಯೆ, ಹಾಗಾಗಿ 1/5ಕ್ಕಿಂತ 1/8 ಜಾಸ್ತಿ ಅಂತ ಮಕ್ಕಳು ಹೇಳಿಬಿಡುತ್ತಾರೆ. ಒಂದೇ ಆಸ್ತಿಯನ್ನು ಐದು ಜನಕ್ಕೆ ಹಂಚಿದರೆ ಜಾಸ್ತಿ ಸಿಗುತ್ತದೋ, ಎಂಟು ಜನಕ್ಕೆ ಹಂಚಿದರೋ ಅಂತ ಕೇಳಿ. ತಕ್ಷಣ ತಿದ್ದಿಕೊಳ್ಳುತ್ತಾರೆ.

*ಎಚ್ಚರ:* ಕನ್ನಡದಲ್ಲಿ ನಾವು ಛೇದವನ್ನು ಮೊದಲು ಹೇಳುತ್ತೇವೆ. "ಮೂರನೇ ಎರಡರಷ್ಟು ಬಹುಮತ" ಅಂದರೆ 2/3. ಕೇಳಿದ ಕ್ರಮದಲ್ಲೇ ಬರೆದು 3/2 ಮಾಡಿಕೊಳ್ಳುವವರು ಬಹಳ ಜನ. ಕನ್ನಡ ಮಾಧ್ಯಮದ ಮಕ್ಕಳಿಗೆ ಬಾಯಿಲೆಕ್ಕ ಕೊಡುವಾಗ ಇದನ್ನು ಒಮ್ಮೆ ಬಿಡಿಸಿ ಹೇಳಿಬಿಡಿ.

ಮೂರು ಹೆಸರು ಗೊತ್ತಿರಲಿ. ಅಂಶ ಛೇದಕ್ಕಿಂತ ಚಿಕ್ಕದಿದ್ದರೆ ಸಮ ಭಿನ್ನರಾಶಿ (3/4). ಅಂಶ ಛೇದದಷ್ಟೇ ಅಥವಾ ಅದಕ್ಕಿಂತ ದೊಡ್ಡದಿದ್ದರೆ ವಿಷಮ ಭಿನ್ನರಾಶಿ (7/3). ಪೂರ್ಣ ಸಂಖ್ಯೆ ಜೊತೆಗಿದ್ದರೆ ಮಿಶ್ರ ಭಿನ್ನರಾಶಿ (2 1/3). ನಾವು ದಿನಾ ಬಳಸುವ ಒಂದೂಕಾಲು, ಎರಡೂವರೆ, ಮೂರೂಮುಕ್ಕಾಲು ಎಲ್ಲ ಮಿಶ್ರ ಭಿನ್ನರಾಶಿಗಳೇ.

ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೀಗೆ. 7/3 ಅಂದರೆ ಮೂರನೇ ಒಂದರ ಏಳು ತುಂಡು. ಮೂರು ಮೂರು ಸೇರಿದರೆ ಒಂದು ಪೂರ್ತಿ. ಏಳರಲ್ಲಿ ಅಂಥ ಎರಡು ಪೂರ್ತಿ, ಒಂದು ತುಂಡು ಮಿಕ್ಕಿತು: 2 1/3. ವಾಪಸ್ ಬರಲು 2×3 = 6 ತುಂಡು, ಮಿಕ್ಕ 1 ಸೇರಿ 7. ಆದ್ದರಿಂದ 7/3.

ಇನ್ನೊಂದು ಮಾತು. ಓರೆ ಗೀಟು ಕಂಡಲ್ಲೆಲ್ಲ ಭಿನ್ನರಾಶಿ ಇರುವುದಿಲ್ಲ. ಜಮೀನಿನ ಪತ್ರದಲ್ಲಿ ಸರ್ವೆ ನಂಬರ್ 45/2 ಅಂತಿದ್ದರೆ ಆ 2 ಹಿಸ್ಸಾ ನಂಬರ್, ಅಂದರೆ 45ನೇ ನಂಬರಿನಲ್ಲಿ ಎರಡನೇ ತುಂಡಿನ ಗುರುತು. ಅದನ್ನು ಅರ್ಧ ಭಾಗ ಅಂತ ಓದಬೇಡಿ.

ಹಂತ 2: ಬೆಲೆ ಬದಲಾಗದೆ ರೂಪ ಬದಲಿಸುವುದು

ಒಂದು ಎಕರೆಗೆ 40 ಗುಂಟೆ. ಅರ್ಧ ಎಕರೆ ಅಂದರೆ 20 ಗುಂಟೆ. ಅಂದರೆ 1/2 ಮತ್ತು 20/40 ಎರಡೂ ಒಂದೇ ನೆಲ. ತುಂಡು ಸಣ್ಣದಾಯಿತು, ಅಷ್ಟೇ ಪಟ್ಟು ತುಂಡುಗಳ ಸಂಖ್ಯೆ ಹೆಚ್ಚಿತು. ಇವುಗಳಿಗೆ ಸಮಾನ ಭಿನ್ನರಾಶಿಗಳು ಅನ್ನುತ್ತಾರೆ.

ನಿಯಮ: ಅಂಶ ಛೇದ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಬಹುದು, ಇಲ್ಲವೇ ಒಂದೇ ಸಂಖ್ಯೆಯಿಂದ ಭಾಗಿಸಬಹುದು. ಆ ಸಂಖ್ಯೆ 0 ಆಗಿರಬಾರದು ಅಷ್ಟೆ. ಆದರೆ ಎರಡಕ್ಕೂ ಒಂದೇ ಸಂಖ್ಯೆ *ಕೂಡುವ* ಹಾಗಿಲ್ಲ. 1/2ಕ್ಕೆ ಮೇಲೆ 1, ಕೆಳಗೆ 1 ಕೂಡಿದರೆ 2/3 ಆಗುತ್ತದೆ, ಬೆಲೆಯೇ ಬದಲಾಯಿತು.

ಉತ್ತರವನ್ನು ಅತಿ ಸರಳ ರೂಪಕ್ಕೆ ತರುವುದು ಅಂದರೆ ಇನ್ನು ಭಾಗಿಸಲು ಆಗದಷ್ಟು ಚಿಕ್ಕದು ಮಾಡುವುದು. 84/126 ತೆಗೆದುಕೊಳ್ಳಿ. ಎರಡೂ ಸರಿಸಂಖ್ಯೆ, 2ರಿಂದ ಭಾಗಿಸಿದರೆ 42/63. ಅಂಕಿಗಳನ್ನು ಕೂಡಿ ನೋಡಿ: 4+2 = 6, 6+3 = 9. ಎರಡೂ 3ರಿಂದ ಭಾಗವಾಗುತ್ತವೆ, ಹಾಗಾಗಿ ಆ ಸಂಖ್ಯೆಗಳೂ ಆಗುತ್ತವೆ. 14/21 ಬಂತು. ತುಂಬ ಜನ ಇಲ್ಲಿಗೆ ನಿಲ್ಲಿಸುತ್ತಾರೆ. 7ರ ಮಗ್ಗಿ ನೆನಪಿಸಿಕೊಳ್ಳಿ, 2/3 ಸಿಗುತ್ತದೆ. 2, 3, 5, 7 ನಾಲ್ಕನ್ನೂ ನೋಡದೆ ಬಿಡಬೇಡಿ.

*ಎಚ್ಚರ:* ಮೇಲೂ ಕೆಳಗೂ ಒಂದೇ ಸಂಖ್ಯೆ ಕಂಡ ತಕ್ಷಣ ಹೊಡೆದುಹಾಕುವುದು ತಪ್ಪು. (3+4)/(3+5) ಇದ್ದಾಗ ಎರಡೂ 3 ಹೊಡೆದು 4/5 ಅಂತ ಬರೆಯುತ್ತಾರೆ. ನಿಜವಾದ ಉತ್ತರ 7/8. ಗುಣಾಕಾರದ ಗುರುತು ಇದ್ದರೆ ಹೊಡೆಯಬಹುದು, ಕೂಡುವ ಅಥವಾ ಕಳೆಯುವ ಗುರುತು ಇದ್ದರೆ ಹೊಡೆಯಬಾರದು.

ಹಂತ 3: ಯಾವುದು ದೊಡ್ಡದು

5/8 ದೊಡ್ಡದೋ 7/11 ದೊಡ್ಡದೋ? ಓರೆಯಾಗಿ ಗುಣಿಸಿ. ಮೊದಲನೆಯ ಅಂಶ 5, ಎರಡನೆಯ ಛೇದ 11: 55. ಎರಡನೆಯ ಅಂಶ 7, ಮೊದಲನೆಯ ಛೇದ 8: 56. 56 ದೊಡ್ಡದು, ಅದರಲ್ಲಿ 7 ಇದೆ, ಹಾಗಾಗಿ 7/11 ದೊಡ್ಡದು. ನಿಜವಾಗಿ ನೀವು ಮಾಡಿದ್ದು ಎರಡನ್ನೂ 88ರ ತುಂಡಿಗೆ ತಂದದ್ದು: 55/88 ಮತ್ತು 56/88. ಗುಣಲಬ್ಧವನ್ನು ಯಾವ ಅಂಶದಿಂದ ಶುರು ಮಾಡಿದಿರೋ ಅದರ ತಲೆಯ ಮೇಲೇ ಬರೆದುಕೊಳ್ಳಿ, ಆಗ ಗೊಂದಲ ಆಗಲ್ಲ.

ಹಂತ 4: ಕೂಡುವುದು

ಜಾಸ್ತಿ ಜನ ಎಡವುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಹೋಗೋಣ.

*ಛೇದ ಒಂದೇ ಇದ್ದರೆ.* 2/7 + 3/7. ಏಳನೇ ಒಂದರ ಎರಡು ತುಂಡು, ಅದೇ ಅಳತೆಯ ಮೂರು ತುಂಡು. ಒಟ್ಟು ಐದು ತುಂಡು: 5/7. ಛೇದ ತುಂಡಿನ ಅಳತೆ, ಅದನ್ನು ಕೂಡುವುದಿಲ್ಲ. 2 ಗುಂಟೆಗೆ 3 ಗುಂಟೆ ಸೇರಿದರೆ 5 ಗುಂಟೆ ಅಂತೀವಿ, ಅಲ್ವಾ? ಇದೂ ಅದೇ.

*ಛೇದ ಬೇರೆ ಇದ್ದರೆ.* 1/4 ಎಕರೆ ಮತ್ತು 1/5 ಎಕರೆ ಸೇರಿದರೆ ಎಷ್ಟು? ತುಂಡಿನ ಅಳತೆ ಬೇರೆ ಬೇರೆ ಇರುವಾಗ ಸುಮ್ನೆ ಕೂಡಲು ಬರುವುದಿಲ್ಲ. ಎರಡನ್ನೂ ಗುಂಟೆಗೆ ತನ್ನಿ. ಕಾಲು ಎಕರೆ 10 ಗುಂಟೆ, ಐದನೇ ಒಂದು ಎಕರೆ 8 ಗುಂಟೆ. ಒಟ್ಟು 18 ಗುಂಟೆ, ಅಂದರೆ 18/40, ಸರಳ ಮಾಡಿದರೆ 9/20 ಎಕರೆ. "ಛೇದ ಸಮ ಮಾಡುವುದು" ಅಂದರೆ ಇಷ್ಟೇ. ಎರಡಕ್ಕೂ ಹೊಂದುವ ಒಂದು ಸಣ್ಣ ಅಳತೆ ಹುಡುಕಬೇಕು.

ಎಲ್ಲ ಲೆಕ್ಕಕ್ಕೂ ಗುಂಟೆ ಸಿಗುವುದಿಲ್ಲ. ಆಗ ಬೇಕಾಗುವುದು ಲ.ಸಾ.ಅ. ಪೂರ್ತಿ ಹೆಸರು ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡೂ ಛೇದಗಳ ಮಗ್ಗಿಯಲ್ಲಿ ಬರುವ ಎಲ್ಲಕ್ಕಿಂತ ಚಿಕ್ಕ ಸಂಖ್ಯೆ.

5/12 + 7/18 ಮಾಡೋಣ.

1. ಛೇದ 12 ಮತ್ತು 18. ಎರಡನ್ನೂ 2ರಿಂದ ಭಾಗಿಸಿ: 6, 9. ಮತ್ತೆ 3ರಿಂದ: 2, 3. ಇನ್ನು ಎರಡಕ್ಕೂ ಹೊಂದುವ ಸಂಖ್ಯೆ ಇಲ್ಲ.
2. ಭಾಗಿಸಿದ ಸಂಖ್ಯೆಗಳನ್ನೂ ಕೊನೆಗೆ ಉಳಿದವನ್ನೂ ಗುಣಿಸಿ: 2×3×2×3 = 36. ಇದೇ ಲ.ಸಾ.ಅ.
3. 12ನ್ನು 36 ಮಾಡಲು 3ರಿಂದ ಗುಣಿಸಬೇಕು. ಮೇಲೂ 3ರಿಂದ ಗುಣಿಸಿ: 15/36.
4. 18ನ್ನು 36 ಮಾಡಲು 2ರಿಂದ. ಮೇಲೂ 2ರಿಂದ: 14/36.
5. ಈಗ ತುಂಡಿನ ಅಳತೆ ಒಂದೇ. 15 + 14 = 29. ಉತ್ತರ 29/36.
6. ಸರಳ ಮಾಡಲು ಆಗುತ್ತದೆಯೇ ನೋಡಿ. 29 ಅವಿಭಾಜ್ಯ ಸಂಖ್ಯೆ, ಆಗುವುದಿಲ್ಲ. ಮುಗಿಯಿತು.

ಮೂರನೇ ನಾಲ್ಕನೇ ಸಾಲುಗಳಲ್ಲಿ ಕೆಳಗೆ ಮಾತ್ರ 36 ಬರೆದು ಮೇಲಿನ 5, 7 ಹಾಗೇ ಬಿಡುವುದು ಮಕ್ಕಳ ನೋಟ್‌ಬುಕ್ಕಿನಲ್ಲಿ ತುಂಬ ಕಾಣುವ ತಪ್ಪು. 5/12 ಎಲ್ಲಿ, 5/36 ಎಲ್ಲಿ! ತುಂಡು ಮೂರು ಪಟ್ಟು ಸಣ್ಣದಾದರೆ ಸಂಖ್ಯೆ ಮೂರು ಪಟ್ಟು ಹೆಚ್ಚಬೇಕು.

ಲ.ಸಾ.ಅ ಹೊಳೆಯದಿದ್ದರೆ ಎರಡೂ ಛೇದಗಳನ್ನು ಗುಣಿಸಿಬಿಡಿ. 12×18 = 216. ಉತ್ತರ 174/216 ಬರುತ್ತದೆ, ಸರಳ ಮಾಡಿದರೆ ಅದೇ 29/36. ತಪ್ಪೇನಲ್ಲ, ಕೆಲಸ ಜಾಸ್ತಿ ಅಷ್ಟೆ. ಆ ಕೆಲಸ ಉಳಿಸುವ ದಾರಿ ನಮ್ಮ ನೆಲಕ್ಕೆ ಹಳೆಯದು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಉಳಿದ ಭಾಗಲಬ್ಧಗಳನ್ನೂ ಗುಣಿಸಿ ಬರುವ ಸಂಖ್ಯೆಗೆ "ನಿರುದ್ಧ" ಅಂತ ಹೆಸರಿಟ್ಟು, ಅದರಿಂದ ಭಿನ್ನರಾಶಿ ಕೂಡುವುದನ್ನು ಹೇಳಿಕೊಟ್ಟರು. ಮೇಲೆ ಒಂದನೇ ಎರಡನೇ ಸಾಲಿನಲ್ಲಿ ನೀವು ಮಾಡಿದ್ದು ಅದನ್ನೇ.

ಮೂರು ಭಿನ್ನರಾಶಿ ಇದ್ದರೂ ಕ್ರಮ ಒಂದೇ. 1/2 + 2/3 + 3/4ಕ್ಕೆ ಲ.ಸಾ.ಅ 12. 6/12 + 8/12 + 9/12 = 23/12, ಅಂದರೆ 1 11/12.

ಮಿಶ್ರ ಭಿನ್ನರಾಶಿ ಕೂಡುವಾಗ ಪೂರ್ಣ ಸಂಖ್ಯೆಗಳನ್ನು ಬೇರೆ, ಭಿನ್ನರಾಶಿಗಳನ್ನು ಬೇರೆ ಕೂಡಿ. 2 3/4 + 1 1/2: ಪೂರ್ಣ 3, ಭಿನ್ನ 3/4 + 2/4 = 5/4 = 1 1/4. ಒಟ್ಟು 4 1/4. ಭಿನ್ನದಿಂದ ಬಂದ ಆ 1ನ್ನು ಸೇರಿಸಲು ಮರೆಯಬೇಡಿ.

*ಉತ್ತರ ಸರಿಯೇ ಅಂತ ನೋಡುವುದು:* ಅರ್ಧದ ಜೊತೆ ಹೋಲಿಸಿ. 1/2 + 1/3 = 2/5 ಅಂತ ಯಾರಾದರೂ ಬರೆದರೆ, 2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗಲು ಸಾಧ್ಯವೇ? ಈ ಒಂದು ಪ್ರಶ್ನೆ ಕೇಳಿಕೊಂಡರೆ ಪರೀಕ್ಷೆಯಲ್ಲಿ ಎಷ್ಟೋ ಅಂಕ ಉಳಿಯುತ್ತದೆ. ಸರಿಯಾದ ಉತ್ತರ 5/6.

ಹಂತ 5: ಕಳೆಯುವುದು

ಕ್ರಮ ಕೂಡುವುದರದ್ದೇ. ಛೇದ ಸಮ ಮಾಡಿ, ಅಂಶ ಕಳೆಯಿರಿ. 5/6 − 3/8 ಅಂದರೆ 20/24 − 9/24 = 11/24.

ಕಷ್ಟ ಬರುವುದು ಮಿಶ್ರ ಭಿನ್ನರಾಶಿಯಲ್ಲಿ. 5 1/4 − 2 2/3 ನೋಡಿ. ಛೇದ 12 ಮಾಡಿದರೆ 5 3/12 − 2 8/12. ಮೂರರಿಂದ ಎಂಟು ಹೋಗುವುದಿಲ್ಲ. ಪಕ್ಕದ 5ರಿಂದ ಒಂದು ಸಾಲ ತೆಗೆದುಕೊಳ್ಳಬೇಕು. ಆ ಒಂದು ಇಲ್ಲಿಗೆ ಬಂದಾಗ 12/12 ಆಗುತ್ತದೆ. ಈಗ 4 15/12 − 2 8/12 = 2 7/12.

*ಎಚ್ಚರ:* ಸಾಲ ತಂದದ್ದು 10 ಅಂತ ಲೆಕ್ಕ ಹಾಕಿ 3ನ್ನು 13 ಮಾಡಿಕೊಳ್ಳುತ್ತಾರೆ. ಸಾದಾ ಕಳೆಯುವ ಲೆಕ್ಕದ ರೂಢಿ ಅದು. ಇಲ್ಲಿ ಒಂದು ಪೂರ್ತಿ ಅಂದರೆ ಛೇದದಷ್ಟು ತುಂಡು. ಛೇದ 12 ಇದ್ದರೆ 12, ಛೇದ 5 ಇದ್ದರೆ 5.

ಪೂರ್ಣ ಸಂಖ್ಯೆಯಿಂದ ಕಳೆಯುವಾಗಲೂ ಹೀಗೇ. 7 − 2 3/5ಕ್ಕೆ 5 3/5 ಅಂತ ಬರೆಯುವವರಿದ್ದಾರೆ. 7ನ್ನು 6 5/5 ಅಂತ ಬಿಡಿಸಿಕೊಳ್ಳಿ. 6 5/5 − 2 3/5 = 4 2/5. ಸಾಲ ತೆಗೆದುಕೊಳ್ಳುವುದು ಗೊಂದಲ ಅನ್ನಿಸಿದರೆ ಎರಡನ್ನೂ ವಿಷಮ ಭಿನ್ನರಾಶಿ ಮಾಡಿ ಕಳೆಯಿರಿ: 35/5 − 13/5 = 22/5. ಅದೇ ಉತ್ತರ.

ಹಂತ 6: ಗುಣಿಸುವುದು

"ಮುಕ್ಕಾಲರ ಅರ್ಧ", "ನನ್ನ ಪಾಲಿನಲ್ಲಿ ನಾಲ್ಕನೇ ಒಂದು" ಅಂತೆಲ್ಲ ಬಂದರೆ ಅದು ಗುಣಾಕಾರ. ತುಂಡನ್ನೇ ಮತ್ತೆ ತುಂಡು ಮಾಡುವುದು. ಹೀಗಾಗಿ ಇಲ್ಲಿ ಛೇದ ಸಮ ಮಾಡುವ ಪ್ರಶ್ನೆಯೇ ಇಲ್ಲ, ಹೊಸ ಅಳತೆಯ ತುಂಡು ತಾನಾಗಿಯೇ ಹುಟ್ಟುತ್ತದೆ.

ಮೂರು ಎಕರೆ ಜಮೀನು ಮೂವರಿಗೆ ಸಮ ಭಾಗ ಆಗಿದೆ, ಅದರಲ್ಲಿ ಒಬ್ಬರ ಪಾಲು ಅವರ ನಾಲ್ವರು ಮಕ್ಕಳಿಗೆ ಸಮವಾಗಿ ಹೋಗಿದೆ ಅಂದುಕೊಳ್ಳಿ. (ಯಾರಿಗೆ ಎಷ್ಟು ಹಕ್ಕು ಅನ್ನುವುದು ಕಾನೂನಿನ ವಿಷಯ, ಇಲ್ಲಿ ಲೆಕ್ಕ ಮಾತ್ರ.) ಆ ನಾಲ್ವರಲ್ಲಿ ಒಬ್ಬರಿಗೆ 1/3ರ 1/4. ಮೇಲೆ 1×1, ಕೆಳಗೆ 3×4: 1/12. ಮೂರು ಎಕರೆಗೆ 120 ಗುಂಟೆ, ಅದರ 12ನೇ ಒಂದು ಭಾಗ 10 ಗುಂಟೆ. ಪಾಲಿನ ಲೆಕ್ಕ ಮಾಡಿದಾಗಲೆಲ್ಲ ಎಲ್ಲರ ಪಾಲು ಕೂಡಿ ನೋಡಿ, ಸರಿಯಾಗಿ 1 ಬರಬೇಕು. ಇಲ್ಲಿ 1/3 + 1/3 + 1/12 + 1/12 + 1/12 + 1/12. 12ಕ್ಕೆ ತಂದರೆ 4+4+1+1+1+1 = 12, ಅಂದರೆ 12/12. ಸರಿ ಇದೆ. 1ಕ್ಕಿಂತ ಜಾಸ್ತಿಯೋ ಕಡಿಮೆಯೋ ಬಂದರೆ ಪತ್ರ ಬರೆಸುವ ಮೊದಲೇ ಲೆಕ್ಕ ತಿದ್ದಿ.

ಗುಣಿಸುವ ಮೊದಲೇ ಚಿಕ್ಕದು ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ. 14/15 × 25/28ರಲ್ಲಿ 14 ಮತ್ತು 28ನ್ನು 14ರಿಂದ ಭಾಗಿಸಿದರೆ 1 ಮತ್ತು 2. 25 ಮತ್ತು 15ನ್ನು 5ರಿಂದ ಭಾಗಿಸಿದರೆ 5 ಮತ್ತು 3. ಉಳಿದದ್ದು 1/3 × 5/2 = 5/6. ಇಲ್ಲದಿದ್ದರೆ 350/420ರ ಜೊತೆ ಒದ್ದಾಡಬೇಕಿತ್ತು. ಹೊಡೆಯುವುದು ಒಂದು ಮೇಲಿನ ಸಂಖ್ಯೆ, ಒಂದು ಕೆಳಗಿನ ಸಂಖ್ಯೆಯ ನಡುವೆ ಮಾತ್ರ. ಮೇಲಿನ ಎರಡರ ನಡುವೆ ಅಲ್ಲ.

*ಎಚ್ಚರ:* ಮಿಶ್ರ ಭಿನ್ನರಾಶಿಯನ್ನು ಹಾಗೇ ಗುಣಿಸಬೇಡಿ. 2 1/2 × 1 1/3ಕ್ಕೆ "ಎರಡೊಂದ್ಲ ಎರಡು, ಅರ್ಧದಲ್ಲಿ ಮೂರನೇ ಒಂದು ಆರನೇ ಒಂದು" ಅಂತ 2 1/6 ಬರೆದರೆ ತಪ್ಪು. 2ಕ್ಕೂ 1/3ಕ್ಕೂ ಆಗಬೇಕಾದ ಗುಣಾಕಾರ, 1/2ಕ್ಕೂ 1ಕ್ಕೂ ಆಗಬೇಕಾದ್ದು, ಎರಡೂ ಬಿಟ್ಟುಹೋಗಿವೆ. ಮೊದಲು ವಿಷಮ ಭಿನ್ನರಾಶಿ ಮಾಡಿ: 5/2 × 4/3 = 20/6 = 10/3 = 3 1/3. ಕೂಡುವಾಗ ಬೇರೆ ಬೇರೆ ಮಾಡಬಹುದು, ಗುಣಿಸುವಾಗ ಭಾಗಿಸುವಾಗ ಒಟ್ಟು ಮಾಡಿಕೊಂಡೇ ಶುರು ಮಾಡಬೇಕು.

ಅಡುಗೆಮನೆಯಲ್ಲೂ ಇದು ಉಪಯೋಗಕ್ಕೆ ಬರುತ್ತದೆ. ಆರು ಜನರ ಉಪ್ಪಿಟ್ಟಿಗೆ ಒಂದೂವರೆ ಕಪ್ ರವೆ ಹಾಕುತ್ತೀರಿ, ಇವತ್ತು ಹತ್ತು ಜನ. 3/2 × 10/6. 10/6ನ್ನು 5/3 ಮಾಡಿ, 3 ಮತ್ತು 3 ಹೊಡೆದರೆ 5/2. ಎರಡೂವರೆ ಕಪ್.

ಗುಣಿಸಿದರೆ ಸಂಖ್ಯೆ ದೊಡ್ಡದಾಗಲೇಬೇಕು ಅಂತ ಮಕ್ಕಳು ನಂಬಿರುತ್ತಾರೆ. 1ಕ್ಕಿಂತ ಕಡಿಮೆ ಇರುವುದರಿಂದ ಗುಣಿಸಿದರೆ ಚಿಕ್ಕದಾಗುತ್ತದೆ. 8ರ ಅರ್ಧ 4. ಇದನ್ನು ಈಗಲೇ ಒಪ್ಪಿಸಿಬಿಟ್ಟರೆ ಮುಂದಿನ ಹಂತ ಸಲೀಸು.

ಹಂತ 7: ಭಾಗಿಸುವುದು

6 ÷ 3/4 ಅಂದರೇನು? "ಆರರಲ್ಲಿ ಎಷ್ಟು ಮುಕ್ಕಾಲುಗಳಿವೆ?" ಲೆಕ್ಕ ಮಾಡುವ ಮೊದಲು ಹೀಗೆ ಓದಿಕೊಳ್ಳಿ.

ಆರನ್ನೂ ಕಾಲುಗಳಿಗೆ ತನ್ನಿ. 6 ಪೂರ್ತಿ ಅಂದರೆ 24 ಕಾಲು. ಮುಕ್ಕಾಲು ಅಂದರೆ 3 ಕಾಲು. 24 ಕಾಲುಗಳಲ್ಲಿ 3 ಕಾಲಿನ ಗುಂಪು 8. ಉತ್ತರ 8. ಈಗ ಏನು ಮಾಡಿದೆವು ನೋಡಿ: 4ರಿಂದ ಗುಣಿಸಿದೆವು, 3ರಿಂದ ಭಾಗಿಸಿದೆವು. ಅಂದರೆ 6 × 4/3. ಶಾಲೆಯಲ್ಲಿ "ತಿರುಗಿಸಿ ಗುಣಿಸು" ಅನ್ನುವುದು ಇದಕ್ಕೇ. ತಿರುಗಿಸಿದ ಭಿನ್ನರಾಶಿಗೆ ವ್ಯುತ್ಕ್ರಮ ಅಂತ ಹೆಸರು. 3/4ರ ವ್ಯುತ್ಕ್ರಮ 4/3. 5ರ ವ್ಯುತ್ಕ್ರಮ 1/5.

ಕ್ರಮ ಹೀಗಿದೆ:

1. ಮಿಶ್ರ ಇದ್ದರೆ ವಿಷಮ ಮಾಡಿ.
2. ಮೊದಲನೆಯದನ್ನು ಹಾಗೇ ಬಿಡಿ.
3. ÷ ಗುರುತನ್ನು × ಮಾಡಿ.
4. *ಎರಡನೆಯದನ್ನು ಮಾತ್ರ* ತಿರುಗಿಸಿ.
5. ಗುಣಿಸಿ, ಸರಳ ಮಾಡಿ.

ಮೊದಲನೆಯದನ್ನು ತಿರುಗಿಸುವುದು, ಎರಡನ್ನೂ ತಿರುಗಿಸುವುದು, ತಿರುಗಿಸುವ ಮೊದಲೇ ಅಡ್ಡಡ್ಡ ಹೊಡೆಯುವುದು, ಮೂರೂ ತಪ್ಪೇ. ಹೊಡೆಯುವ ಕೆಲಸ × ಗುರುತು ಬಂದ ಮೇಲೆ.

ಈಗ ಶೇಷ ಉಳಿಯುವ ಲೆಕ್ಕ. ಇದನ್ನು ಸರಿಯಾಗಿ ಬಿಡಿಸುವವರು ಕಡಿಮೆ. 5 ಲೀಟರ್ ಕೊಬ್ಬರಿ ಎಣ್ಣೆ ಇದೆ. ಮುಕ್ಕಾಲು ಲೀಟರಿನ ಬಾಟಲಿಗಳಿಗೆ ತುಂಬಬೇಕು. ಎಷ್ಟು ಬಾಟಲಿ ತುಂಬುತ್ತವೆ, ಎಷ್ಟು ಎಣ್ಣೆ ಉಳಿಯುತ್ತದೆ?

5 ÷ 3/4 = 5 × 4/3 = 20/3 = 6 2/3. ಆರು ಬಾಟಲಿ ತುಂಬುತ್ತವೆ. ಉಳಿದದ್ದು 2/3 ಲೀಟರ್ ಅಂತ ಬರೆದರೆ ತಪ್ಪು! ನಾವು ಎಣಿಸಿದ್ದು ಬಾಟಲಿಗಳನ್ನು, ಹಾಗಾಗಿ ಆ 2/3 *ಬಾಟಲಿಯ* ಮೂರನೇ ಎರಡು ಭಾಗ. ಲೀಟರಿಗೆ ತರಲು ಬಾಟಲಿಯ ಅಳತೆಯಿಂದ ಗುಣಿಸಿ: 2/3 × 3/4 = 1/2. ಉಳಿದದ್ದು ಅರ್ಧ ಲೀಟರ್. ತಾಳೆ ನೋಡಿ: ಆರು ಬಾಟಲಿಗೆ 6 × 3/4 = 4 1/2 ಲೀಟರ್, ಅರ್ಧ ಸೇರಿದರೆ 5. ಭಾಗಾಕಾರದಲ್ಲಿ ಭಿನ್ನರಾಶಿ ಉಳಿದಾಗ "ಇದು ಯಾವುದರ ಭಾಗ?" ಅಂತ ಕೇಳಿಕೊಳ್ಳದೆ ಉತ್ತರ ಬರೆಯಬೇಡಿ.

ಹಂತ 8: ಎಲ್ಲ ಒಟ್ಟಿಗೆ ಬಂದಾಗ

1/2 + 1/2 × 1/3 ಕೊಟ್ಟರೆ ಎಡದಿಂದ ಶುರು ಮಾಡಿ 1 × 1/3 = 1/3 ಅಂತ ಬರೆಯುವುದು ತಪ್ಪು. ಆವರಣ ಮೊದಲು, ಆಮೇಲೆ ಗುಣಾಕಾರ ಭಾಗಾಕಾರ, ಕೊನೆಗೆ ಕೂಡುವುದು ಕಳೆಯುವುದು. 1/2 × 1/3 = 1/6, ಅದಕ್ಕೆ 1/2 ಸೇರಿದರೆ 4/6, ಅಂದರೆ 2/3. ಗುಣಾಕಾರ ಭಾಗಾಕಾರ ಎರಡೂ ಇದ್ದರೆ ಎಡದಿಂದ ಬಲಕ್ಕೆ ಸಿಕ್ಕ ಕ್ರಮದಲ್ಲಿ ಮಾಡಿ. ಭಾಗಾಕಾರವೇ ಯಾವಾಗಲೂ ಮೊದಲು ಅಂತಿಲ್ಲ.

ಚುಕ್ಕೆ ಕಂಡಲ್ಲಿ ಹುಷಾರು

ಪಹಣಿಯಲ್ಲಿ ವಿಸ್ತೀರ್ಣ 2.20 ಅಂತಲೋ 2-20 ಅಂತಲೋ ಕಂಡರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ದಶಮಾಂಶದ 2.20 ಅಲ್ಲ. ಇದನ್ನು ಹಾಗೇ ಕ್ಯಾಲ್ಕುಲೇಟರಿಗೆ ಹಾಕಿದರೆ ಲೆಕ್ಕ ಕೆಡುತ್ತದೆ. 1 ಎಕರೆ 30 ಗುಂಟೆಗೆ 2 ಎಕರೆ 25 ಗುಂಟೆ ಕೂಡಲು 1.30 + 2.25 ಒತ್ತಿದರೆ 3.55 ಬರುತ್ತದೆ. 55 ಗುಂಟೆ ಅಂದರೆ 1 ಎಕರೆ 15 ಗುಂಟೆ. ಸರಿಯಾದ ಮೊತ್ತ 4 ಎಕರೆ 15 ಗುಂಟೆ. ದಾರಿ ಸುಲಭ: ಎಲ್ಲವನ್ನೂ ಮೊದಲು ಗುಂಟೆ ಮಾಡಿ (70 + 105 = 175), ಬೇಕಾದ ಲೆಕ್ಕ ಮುಗಿಸಿ, ಕೊನೆಗೆ 40ರಿಂದ ಭಾಗಿಸಿ ಎಕರೆಗೆ ತನ್ನಿ. ಗುಂಟೆಗೂ ಒಳಗೆ ಲೆಕ್ಕ ಬಂದರೆ 16 ಆಣೆಗೆ ಒಂದು ಗುಂಟೆ.

ಸಮಯದ್ದೂ ಇದೇ ಕಥೆ. ಒಂದೂಕಾಲು ಗಂಟೆ ಅಂದರೆ 1.25 ಗಂಟೆ, ಅದು 1 ಗಂಟೆ 15 ನಿಮಿಷ. 1 ಗಂಟೆ 25 ನಿಮಿಷ ಅಲ್ಲ.

ನೀವೇ ಮಾಡಿ ನೋಡಿ

ಕೆಳಗಿನ ಉತ್ತರ ಮುಚ್ಚಿಕೊಂಡು ಬಿಡಿಸಿ.

1. 5/6 + 3/8
2. 9 − 3 4/7
3. 3 1/3 × 9/10
4. 7 1/2 ÷ 1 1/4
5. 4 ಎಕರೆ 10 ಗುಂಟೆಯಲ್ಲಿ ಐದನೇ ಎರಡು ಭಾಗ ಎಷ್ಟು?
6. 8 ಲೀಟರ್ ಜೇನುತುಪ್ಪ, 3/5 ಲೀಟರಿನ ಬಾಟಲಿಗಳು. ಎಷ್ಟು ಬಾಟಲಿ ತುಂಬುತ್ತವೆ, ಎಷ್ಟು ಜೇನು ಉಳಿಯುತ್ತದೆ?

ಉತ್ತರಗಳು: 1) 29/24, ಅಂದರೆ 1 5/24. 2) 5 3/7. ನಿಮಗೆ 6 4/7 ಬಂದಿದ್ದರೆ ಹಂತ 5ರ ಕೊನೆಯ ಭಾಗ ಇನ್ನೊಮ್ಮೆ ಓದಿ. 3) ಸರಿಯಾಗಿ 3. ಉತ್ತರ 3 3/10 ಬಂದಿದ್ದರೆ ಮಿಶ್ರ ಭಿನ್ನರಾಶಿಯನ್ನು ಬಿಡಿಸದೆ ಗುಣಿಸಿದ್ದೀರಿ. 4) 6. 5) 170 ಗುಂಟೆಯ 2/5 ಅಂದರೆ 68 ಗುಂಟೆ, 1 ಎಕರೆ 28 ಗುಂಟೆ. 425 ಗುಂಟೆ ಬಂದಿದ್ದರೆ "ಐದನೇ ಎರಡು" ಅನ್ನುವುದನ್ನು 5/2 ಅಂತ ಬರೆದಿದ್ದೀರಿ, ಹಂತ 1 ನೋಡಿ. 6) 40/3 = 13 1/3, ಅಂದರೆ 13 ಬಾಟಲಿ ತುಂಬುತ್ತವೆ. ಉಳಿದದ್ದು ಬಾಟಲಿಯ ಮೂರನೇ ಒಂದು ಭಾಗ: 1/3 × 3/5 = 1/5 ಲೀಟರ್, ಅಂದರೆ 200 ಮಿಲಿಲೀಟರ್.